ಕಾಯಂ ಪೇಷಂಟು

ನಮ್ಮ ಮಾವನ ಎಡಗೈಯಷ್ಟು ಕಾಲೇಜು ಕಂಡ ಕೈ ನಮ್ಮ ವಂಶದಲ್ಲಿ ಇನ್ನೊಂದಿಲ್ಲ. ಮಾವ ಅಂದರೆ ನನ್ನ ಅಮ್ಮನ ತಮ್ಮ, ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಅವನ ಓದು ಹೈಸ್ಕೂಲಿನ ಬಾಗಿಲಲ್ಲೇ ಇಳಿದುಕೊಂಡಿತ್ತು. ಆದರೆ ಎಡಗೈ ಮಾತ್ರ ವರ್ಷಗಟ್ಟಲೆ ತಪ್ಪದೆ ಕಾಲೇಜಿಗೆ ಹೋಯಿತು. ಒಂದು ಬ್ಯಾಚು ಪಾಸಾಗಿ ಹೊರಬಿದ್ದರೆ ಮುಂದಿನ ಬ್ಯಾಚಿನ ಜೊತೆ ಮತ್ತೆ ಮೊದಲನೇ ಪಾಠದಿಂದ ಕೂತಿತು. ಇಷ್ಟು ಕೂತ ಮೇಲೂ ಅದಕ್ಕೊಂದು ಸರ್ಟಿಫಿಕೇಟು ಕೊಡಲಿಲ್ಲ ಎಂಬುದು ಮಾವನ ದೂರು.

ನಾನು ಕೆಲಸ ಮಾಡುವ ಕಾಲೇಜಿನಲ್ಲಿ ಆಸ್ಪತ್ರೆಗಳಿಗೆ ಬೇಕಾದ ಕೈಯಾಳುಗಳನ್ನು ತಯಾರು ಮಾಡುತ್ತಾರೆ. ಕೈಯಾಳು ಅಂದರೆ ಪ್ರಿನ್ಸಿಪಾಲರಿಗೆ ಸಿಟ್ಟು, 'ಮೆಡಿಕಲ್ ಅಸಿಸ್ಟೆಂಟ್' ಅನ್ನಬೇಕು. ಡಾಕ್ಟರು ರೋಗಿಯ ಮುಖ ನೋಡುವ ಮುಂಚೆ ತೂಕ ನೋಡುವುದು, ಜ್ವರ ನೋಡುವುದು, ಬಿ.ಪಿ. ನೋಡುವುದು, ರಕ್ತ ತೆಗೆಯುವುದು, ಹೆದರಿಕೊಂಡವರಿಗೆ ಎರಡು ಸಮಾಧಾನದ ಮಾತು ಹೇಳುವುದು, ಇವೆಲ್ಲ ಅವರ ಕೆಲಸ. ನಾನು ಅಲ್ಲಿ ಮುಂದಿನ ಮೇಜಿನವಳು. ಫೋನ್ ಎತ್ತುತ್ತೇನೆ, ಅಡ್ಮಿಶನ್ನಿಗೆ ಬಂದವರಿಗೆ ಕುರ್ಚಿ ತೋರಿಸುತ್ತೇನೆ, ಪ್ರಿನ್ಸಿಪಾಲರು ಒಳಗಿದ್ದಾಗ ಇಲ್ಲ ಅನ್ನುತ್ತೇನೆ.

ರಕ್ತ ತೆಗೆಯುವುದನ್ನು ಕಲಿಯಲು ಕಾಲೇಜಿನಲ್ಲಿ ಒಂದು ರಬ್ಬರ್ ಕೈ ಇತ್ತು. ಬಿ.ಪಿ.ಗೆ ಮಾತ್ರ ಜೀವ ಇರುವ ಕೈಯೇ ಬೇಕು. ಹುಡುಗ ಹುಡುಗಿಯರು ಒಬ್ಬರದೊಬ್ಬರು ನೋಡಿಕೊಳ್ಳಬಹುದು. ಆದರೆ ಎಲ್ಲರಿಗೂ ಎಳೇ ವಯಸ್ಸು, ಬಿ.ಪಿ.ಗಿಂತ ನಗುವೇ ಜಾಸ್ತಿ. ಒಂದು ದಿನ ಪ್ರಿನ್ಸಿಪಾಲರು ನನ್ನ ಮೇಜಿನ ಮುಂದೆ ನಿಂತು, "ವಯಸ್ಸಾಗಿರೋರು, ಬಿ.ಪಿ. ಇರೋರು, ಪುರುಸೊತ್ತಾಗಿರೋರು ಯಾರಾದ್ರೂ ಗೊತ್ತೇನಮ್ಮಾ?" ಎಂದು ಕೇಳಿದರು.

"ಮೂರೂ ಒಬ್ಬರಲ್ಲೇ ಇದೆ ಸಾರ್," ಎಂದೆ.

ಆ ಹೊತ್ತಿಗೆ ಮಾವ ನಿವೃತ್ತನಾಗಿ ಅತ್ತೆಯ ತಲೆ ತಿನ್ನುತ್ತಿದ್ದ. ಅಡುಗೆಮನೆ ಬಾಗಿಲಲ್ಲಿ ನಿಂತು ಹೋಗಿ ಬರುವವರಿಗೆಲ್ಲ ದಾರಿ ಹೇಳುವುದು, ಬೀದಿಯಲ್ಲಿ ಬಸ್ಸು ಹೋದರೆ ಗಡಿಯಾರ ನೋಡಿ "ಲೇಟು, ಲೇಟು" ಎಂದು ಗೊಣಗುವುದು, ಇದೇ ದಿನಚರಿ. ನಾನು ಸಂಗತಿ ಹೇಳಿದ ಕೂಡಲೇ ಅತ್ತೆ ಕೈಯೆತ್ತಿ ಮುಗಿದಳು. "ಕರ್ಕೊಂಡು ಹೋಗೇ ಮಹರಾಯ್ತಿ. ವಾಪಸ್ ತಂದುಬಿಡೋ ಅವಸರ ಏನಿಲ್ಲ."

ಹೀಗೆ ಮಾವ ನಮ್ಮ ಕಾಲೇಜಿನ ಕಾಯಂ ಪೇಷಂಟಾದ. ಲ್ಯಾಬಿನ ಕಿಟಕಿ ಪಕ್ಕದಲ್ಲಿ ಅವನಿಗೊಂದು ಕುರ್ಚಿ, ಕೈ ಇಡಲು ಒಂದು ಪುಟ್ಟ ಮೇಜು. ಮೊಣಕೈ ಒತ್ತುತ್ತದೆ ಎಂದು ಅತ್ತೆ ಹಳೇ ಸೀರೆಯಲ್ಲಿ ಒಂದು ದಿಂಬು ಹೊಲಿದು ಕೊಟ್ಟಳು. ಮಾವ ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ ಹಾಕಿ, ತಲೆ ಬಾಚಿ, ಮದುವೆಗೆ ಹೊರಟವನಂತೆ ಹೊರಡುತ್ತಿದ್ದ. ವಿದ್ಯಾರ್ಥಿಗಳು ಅವನನ್ನು 'ಪೇಷಂಟ್ ಸಾರ್' ಎಂದು ಕರೆಯುತ್ತಿದ್ದರು. ಸಾರ್ ಎನ್ನುವ ಆ ಒಂದು ಮಾತಿಗೆ ಮಾವ ತನ್ನ ಇಡೀ ತೋಳನ್ನು ಬರೆದುಕೊಡಲು ತಯಾರಿದ್ದ.

ಅವನ ಬಿ.ಪಿ. ನೂರರವತ್ತು ಬೈ ನೂರು. ಡಾಕ್ಟರು ಎಂದೋ ಮಾತ್ರೆ ಬರೆದುಕೊಟ್ಟಿದ್ದರು. ಮಾವ ಮುಟ್ಟುತ್ತಿರಲಿಲ್ಲ. ನಾನು ಬೈದರೆ, "ಹಾಡೋರಿಗೆ ಕಂಠ ಹೇಗೋ ನನಗೆ ಬಿ.ಪಿ. ಹಾಗೆ ಕಣೇ. ಮಾತ್ರೆ ನುಂಗಿ ಕಂಠ ಕೆಡಿಸ್ಕೋ ಅಂತೀಯಾ? ಇಳಿದ್ರೆ ಆ ಮಕ್ಕಳಿಗೆ ನಾನು ಯಾವ ಪುರುಷಾರ್ಥಕ್ಕೆ?" ಎನ್ನುತ್ತಿದ್ದ. ಹುಚ್ಚು ಮುಂಡೇದಕ್ಕೆ ಮಾತು ಮಾತ್ರ ಜೋರು ಎಂದು ಅತ್ತೆ ಒಳಗಿನಿಂದಲೇ ಉತ್ತರ ಕೊಡುತ್ತಿದ್ದಳು.

ಅವನಿಗೆ ಇನ್ನೊಂದು ರೋಗವಿತ್ತು, ಅದಕ್ಕೆ ಮಾತ್ರೆಯೂ ಇಲ್ಲ. ಸ್ಟಾಪು ಬರುವ ಮುಂಚೆಯೇ ಸ್ಟಾಪಿನ ಹೆಸರು ಕೂಗುವುದು ಕಂಡಕ್ಟರನ ಅಭ್ಯಾಸ. ಹುಡುಗಿಯೊಬ್ಬಳು ತೋಳಿಗೆ ಪಟ್ಟಿ ಸುತ್ತಿ, ರಬ್ಬರ್ ಉಂಡೆ ಒತ್ತಿ ಗಾಳಿ ತುಂಬಿ, ಸ್ಟೆತಸ್ಕೋಪು ಕಿವಿಗಿಟ್ಟುಕೊಂಡು, ಏನೂ ಕೇಳಿಸದೆ ಬೆವರುತ್ತಿದ್ದರೆ ಮಾವನಿಗೆ ಕರುಳು ಚುರ್ ಎನ್ನುತ್ತಿತ್ತು. ಮೆಲ್ಲಗೆ ಬಗ್ಗಿ, "ನೂರರವತ್ತು ಬೈ ನೂರು, ಬರ್ಕೋ ಮಗಳೇ," ಎಂದುಬಿಡುತ್ತಿದ್ದ. ಅವಳು ಬರೆದುಕೊಳ್ಳುತ್ತಿದ್ದಳು. ಲ್ಯಾಬಿಗೆ ಅಂತ ಇದ್ದ ಟೀಚರು ದೊಡ್ಡ ಆಸ್ಪತ್ರೆಯ ಕೆಲಸ ಸಿಕ್ಕಿ ಹೋಗಿಬಿಟ್ಟಿದ್ದರು. ಅಂದಿನಿಂದ ಪಾಠವೆಲ್ಲ ಪ್ರಿನ್ಸಿಪಾಲರದೇ, ಅದೂ ಬೋರ್ಡಿನ ಮೇಲೆ. ಹಾಗಾಗಿ ಸರಿಯಾಗಿ ನೋಡಿದರೋ ಇಲ್ಲವೋ ಎಂದು ಕೇಳುವವರೇ ಇರಲಿಲ್ಲ. ಬರಬರುತ್ತಾ ಮಾವ ಪಿಸುಗುಟ್ಟುವ ಅಗತ್ಯವೂ ಬೀಳಲಿಲ್ಲ. ಹಳೇ ಬ್ಯಾಚಿನವರು ಹೊಸಬರಿಗೆ ಲ್ಯಾಬಿನ ಬೀಗದ ಕೈ ಎಲ್ಲಿದೆ, ನೀರು ಎಲ್ಲಿದೆ ಎಂದು ಹೇಳಿಕೊಡುವಾಗ ಮಾವನ ಬಿ.ಪಿ.ಯನ್ನೂ ಸೇರಿಸಿ ಹೇಳುತ್ತಿದ್ದರು.

ಒಬ್ಬಳು ಮಾತ್ರ ಕೇಳುತ್ತಿರಲಿಲ್ಲ. ಅವಳಿಗೆ ಎಲ್ಲರೂ 'ಇನ್ನೊಂದ್ಸಲ' ಎಂದು ಅಡ್ಡಹೆಸರಿಟ್ಟಿದ್ದರು. ಏನೇ ಮಾಡಿದರೂ "ಇನ್ನೊಂದ್ಸಲ ನೋಡ್ತೀನಿ ಸಾರ್" ಎನ್ನುವವಳು. ಉಳಿದವರು ಪ್ರಾಕ್ಟಿಕಲ್ ಮುಗಿಸಿ ಕ್ಯಾಂಟೀನಿಗೆ ಹೋಗಿ ಬಂದರೂ ಇವಳ ಪಟ್ಟಿ ಮಾವನ ತೋಳಿನ ಮೇಲೇ ಇರುತ್ತಿತ್ತು. ಮಾವ ಬಾಯಿ ತೆರೆದರೆ, "ಹೇಳ್ಬೇಡಿ ಸಾರ್! ನನಗೆ ಕೇಳಿಸ್ಬೇಕು," ಎಂದು ಗದರುತ್ತಿದ್ದಳು. ಪರೀಕ್ಷೆಯಲ್ಲಿ ಟೈಮು ಸಾಲದೆ ಎರಡು ಸಲ ಫೇಲಾಗಿದ್ದಳು. ಮಾವ ಅವಳನ್ನು ಬೈದುಕೊಳ್ಳುತ್ತಲೇ ಕೈ ಚಾಚಿಕೊಂಡು ಕೂತಿರುತ್ತಿದ್ದ.

ಒಮ್ಮೆ ಜ್ವರ ಬಂದಾಗಲೂ ಹೊರಟು ನಿಂತ. ನಾನು ರೇಗಿದೆ. "ಏನ್ ಮಾವಾ, ನೀನು ಹೋಗದಿದ್ರೆ ಕಾಲೇಜು ಮುಳುಗಿಹೋಗುತ್ತಾ?"

ಮಾವ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಹೇಳಿದ. "ಬಸ್ಸಲ್ಲಿ ಇಷ್ಟು ವರ್ಷ ಎಲ್ಲರೂ ನನ್ನ ಕಡೆ ಕೈ ಚಾಚಿದ್ರು ಕಣೇ. ಚಿಲ್ಲರೆಗೆ ಚಾಚಿದ್ರು, ಟಿಕೆಟ್ಟಿಗೆ ಚಾಚಿದ್ರು. ನನ್ನ ಕೈ ಹಿಡ್ಕೊಂಡು ಒಳಗೆ ಏನು ಸದ್ದಾಗ್ತಿದೆ ಅಂತ ಕಿವಿ ಕೊಟ್ಟೋರು ಈ ಮಕ್ಕಳೇ. ನಿನ್ನ ಅತ್ತೆ ಬಾಯಲ್ಲಿ ಹೇಳಿದ್ದನ್ನೇ ಕೇಳಿಸ್ಕೊಳ್ಳಲ್ಲ."

ಹೀಗಿರುವಾಗ ಬಂತು ಪರಿಶೀಲನೆಯ ಸುದ್ದಿ. ಕೋರ್ಸು ಹೇಗೆ ನಡೆಯುತ್ತಿದೆ, ಇಲ್ಲಿ ಕಲಿತವರಿಗೆ ನಿಜವಾಗಿ ಏನಾದರೂ ಬರುತ್ತದಾ ಎಂದು ನೋಡಲು ಹೊರಗಿನಿಂದ ಇಬ್ಬರು ಬರುತ್ತಾರೆ. ಅವರು ಒಪ್ಪಿದರೆ ಮಾನ್ಯತೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಕೋರ್ಸಿಗೆ ಬೀಗ. ಪ್ರಿನ್ಸಿಪಾಲರಿಗೆ ಹುದ್ದೆಯ ಚಿಂತೆ, ವಿದ್ಯಾರ್ಥಿಗಳಿಗೆ ಅರ್ಧಕ್ಕೆ ನಿಂತ ಓದಿನ ಚಿಂತೆ. ಮಾವನಿಗೆ ಕುರ್ಚಿಯ ಚಿಂತೆ. ಸುದ್ದಿ ಕೇಳಿದ ದಿನ ಅವನು ಊಟದ ತಟ್ಟೆಯ ಮುಂದೆ ಅನ್ನ ಕೆದಕುತ್ತಾ ಕೂತಿದ್ದ. "ಲ್ಯಾಬು ಮುಚ್ಚಿದ್ರೆ ನಾನೆಲ್ಲಿಗೆ ಹೋಗ್ಲಿ?" ಎಂದ. ಅತ್ತೆ ಕೇಳದೆಯೇ ಇನ್ನೊಂದು ಸೌಟು ಸಾರು ಬಡಿಸಿದಳು.

ಕಾಲೇಜಿನಲ್ಲಿ ಯುದ್ಧಕಾಲೇ ಶಸ್ತ್ರಾಭ್ಯಾಸ ಶುರುವಾಯಿತು. ಪ್ರಿನ್ಸಿಪಾಲರು ಗೋಡೆಗಳಿಗೆ ಹಸಿರು ಬಣ್ಣ ಬಳಿಸಿದರು. ಬಣ್ಣ ಒಣಗಲಿಲ್ಲ, ಒರಗಿ ನಿಂತವರ ಬಿಳಿ ಕೋಟುಗಳೆಲ್ಲ ಹಸಿರಾದವು. ಲೈಬ್ರರಿಯ ಪುಸ್ತಕಗಳ ಧೂಳು ಹೊಡೆದಾಗ ಒಳಗಿಂದ ಎರಡು ಹಲ್ಲಿ ಓಡಿಹೋದವು, ಆ ಪುಸ್ತಕಗಳನ್ನು ಬಳಸುತ್ತಿದ್ದವು ಅವೆರಡೇ ಇರಬೇಕು. ಕೆಟ್ಟು ಕೂತಿದ್ದ ಯಂತ್ರಗಳನ್ನೂ ಹರಿದ ಪಟ್ಟಿಗಳನ್ನೂ ಮೂರನೇ ಮಹಡಿಯ ಕೋಣೆಗೆ ತುಂಬಿ ಬೀಗ ಹಾಕಿದರು. ಇನ್ನೊಂದ್ಸಲಳನ್ನು ಕರೆದು, "ನೀನು ಲ್ಯಾಬಿಗೆ ಬರ್ಬೇಡ. ಆ ಕೋಣೆ ಮುಂದೆ ಇರು. ಯಾರಾದ್ರೂ ಮೇಲೆ ಬಂದ್ರೆ ಬೀಗದ ಕೈ ಇಲ್ಲ ಅನ್ನು," ಎಂದರು. ಕೆಟ್ಟ ಯಂತ್ರಗಳ ಲೆಕ್ಕಕ್ಕೆ ಅವಳನ್ನೂ ಸೇರಿಸಿದ ಹಾಗಾಯಿತು. ಪಾಪದ ಹುಡುಗಿ, "ಆಯ್ತು ಸಾರ್" ಎಂದಳು.

ಇತ್ತ ಮನೆಯಲ್ಲಿ ಬೇರೆಯೇ ಕಥೆ. ಒಂದು ಬೆಳಿಗ್ಗೆ ಮಾವನಿಗೆ ಸ್ನಾನದ ಮನೆಯಲ್ಲಿ ತಲೆ ಸುತ್ತು ಬಂದಿತ್ತು. ಅಂದಿನಿಂದ ಅತ್ತೆ ಮಾತ್ರೆ ಮತ್ತು ನೀರಿನ ಲೋಟ ಹಿಡಿದು ಎದುರಿಗೆ ನಿಲ್ಲತೊಡಗಿದ್ದಳು. "ನುಂಗಿ. ಬಾಯಿ ತೆಗೀರಿ. ನಾಲಿಗೆ ಎತ್ತಿ." ನುಂಗದಿದ್ದರೆ ಒಲೆ ಹಚ್ಚುವುದಿಲ್ಲ ಎಂದು ಕಟ್ಟಪ್ಪಣೆ. ಹೊಟ್ಟೆಯ ಮುಂದೆ ಕಲೆ ಎಷ್ಟು ದಿನ ನಿಲ್ಲುತ್ತದೆ? ಪರಿಶೀಲನೆಗೆ ತಿಂಗಳಿರುವಾಗಿಂದ ಮಾವ ದಿನಾ ಮಾತ್ರೆ ನುಂಗುತ್ತಿದ್ದ. ಕಾಲೇಜಿನಲ್ಲಿ ಹೇಳಲು ಅವನಿಗೆ ಅವಮಾನ, ನನಗೂ ಹೇಳಲಿಲ್ಲ.

ಮೊದಲ ವಾರ ಹೆದರಿಕೊಂಡೇ ಕುರ್ಚಿಯಲ್ಲಿ ಕೂತನಂತೆ. ಹುಡುಗರು ಪಟ್ಟಿ ಸುತ್ತಿದರು, ಗಾಳಿ ಒತ್ತಿದರು, "ನೂರರವತ್ತು ಬೈ ನೂರು" ಎಂದರು. ಮಾವನ ಜೀವಕ್ಕೆ ಸಮಾಧಾನ. ಎರಡನೇ ವಾರವೂ ಅದೇ, ಮೂರನೇ ವಾರವೂ ಅದೇ. ಆ ತಿಂಗಳು ಇನ್ನೊಂದ್ಸಲ ತನ್ನ ಅಜ್ಜಿಗೆ ಹುಷಾರಿಲ್ಲವೆಂದು ಊರಿಗೆ ಹೋಗಿದ್ದವಳು ಪರಿಶೀಲನೆಯ ಹಿಂದಿನ ದಿನವಷ್ಟೇ ವಾಪಸ್ ಬಂದಿದ್ದಳು. ಮಾವ ಅತ್ತೆಯ ಮುಂದೆ ಎದೆಯುಬ್ಬಿಸಿ, "ನಿನ್ನ ಮಾತ್ರೆ ನನ್ನ ಕೂದಲೂ ಕೊಂಕಿಸ್ಲಿಲ್ಲ ನೋಡು. ಬಿ.ಪಿ. ಅಂದ್ರೆ ಇದು!" ಎಂದು ಕೊಚ್ಚಿಕೊಂಡ. ಇಬ್ಬರಲ್ಲಿ ಯಾರಿಗೂ ಆ ಮಕ್ಕಳು ನಿಜವಾಗಿ ನೋಡುತ್ತಿದ್ದಾರಾ ಎಂಬ ಅನುಮಾನ ಬರಲಿಲ್ಲ.

ಪರಿಶೀಲನೆಯ ದಿನ ಬಂದವರು ಒಬ್ಬ ಸಾಹೇಬರು, ಒಬ್ಬ ಮೇಡಂ. ಸಾಹೇಬರು ಬಿಸ್ಕತ್ತು ಕಂಡಲ್ಲಿ ನಿಲ್ಲುವ ಜಾತಿ. ಅವರನ್ನು ಪ್ರಿನ್ಸಿಪಾಲರು ತಟ್ಟೆಯಿಂದ ತಟ್ಟೆಗೆ ಸಲೀಸಾಗಿ ಸಾಗಿಸಿದರು. ಮೇಡಂ ಮಾತ್ರ ಸಣ್ಣಗೆ, ಗಟ್ಟಿಯಾಗಿ ಇದ್ದರು. ಬಹಳ ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿ ದುಡಿದು ಬಂದವರಂತೆ. ಹಸಿರು ಗೋಡೆಗೆ ಬೆರಳಿಟ್ಟು, ಅಂಟಿದ ಬಣ್ಣವನ್ನು ಕರವಸ್ತ್ರಕ್ಕೆ ಒರೆಸಿಕೊಂಡು, "ಲ್ಯಾಬ್ ತೋರಿಸಿ," ಎಂದರು. ಅವರ ಕುತ್ತಿಗೆಯಲ್ಲಿ ಸ್ವಂತ ಸ್ಟೆತಸ್ಕೋಪು ತೂಗುತ್ತಿತ್ತು.

ಮಾವ ಕುರ್ಚಿಯಲ್ಲಿ ರಾಜನಂತೆ ಕೂತಿದ್ದ. ದಿಂಬಿನ ಮೇಲೆ ಕೈ. ಪ್ರಿನ್ಸಿಪಾಲರು ಕಾಲೇಜಿಗೇ ಮೊದಲಿಗಳಾದ ಹುಡುಗಿಯನ್ನು ಮುಂದೆ ತಳ್ಳಿದರು. ಅವಳು ಪಟ್ಟಿಯನ್ನು ಚಂದವಾಗಿ ಸುತ್ತಿದಳು, ನಗುನಗುತ್ತಾ ಗಾಳಿ ತುಂಬಿದಳು, ಸ್ಟೆತಸ್ಕೋಪು ಇಟ್ಟು, ತಲೆಯಾಡಿಸಿ, "ನೂರರವತ್ತು ಬೈ ನೂರು ಮೇಡಂ," ಎಂದಳು. ಪ್ರಿನ್ಸಿಪಾಲರು ತಾವೇ ಹೆತ್ತವರಂತೆ ಬೀಗಿದರು.

ಮೇಡಂ ತಾವೇ ಬಗ್ಗಿ ಒಮ್ಮೆ ನೋಡಿದರು. ಆಮೇಲೆ ಇನ್ನೊಬ್ಬನನ್ನು ಕರೆದರು. ಅವನೂ ನೂರರವತ್ತು ಬೈ ನೂರು. ಮೂರನೆಯವಳು ಗಾಳಿ ಪೂರ್ತಿ ಇಳಿಯುವ ಮುಂಚೆಯೇ ಹೇಳಿಬಿಟ್ಟಳು. ಗಿಳಿಪಾಠ ಅಂದರೆ ಇದೇ. ಮೇಡಂ ಮತ್ತೆ ತಾವೇ ನೋಡಿ, ಮಾವನ ತೋಳಿನಿಂದ ಪಟ್ಟಿ ಬಿಚ್ಚುತ್ತಾ, "ಯಜಮಾನ್ರೇ, ಮಾತ್ರೆ ಸರಿಯಾಗಿ ತಗೋತಿದೀರಾ?" ಎಂದು ಮೆಲ್ಲಗೆ ಕೇಳಿದರು.

"ಹೂಂ ಮೇಡಂ, ಒಂದು ತಿಂಗಳಿಂದ... ನಮ್ಮವಳು ಬಿಡಲ್ಲ."

"ಒಳ್ಳೇದಾಯ್ತು. ನಿಮ್ಮ ಬಿ.ಪಿ. ನೂರಿಪ್ಪತ್ತೆಂಟು ಬೈ ಎಂಬತ್ತೆರಡು. ಇದಕ್ಕಿಂತ ಚೆನ್ನಾಗಿರೋದು ಬೇಡ."

ಬಿ.ಪಿ. ಚೆನ್ನಾಗಿದೆ ಅಂದಿದ್ದಕ್ಕೆ ಮುಖ ಬಿಳಿಚಿಕೊಂಡ ಮನುಷ್ಯನನ್ನು ನಾನು ಅಂದು ಮೊದಲ ಸಲ ನೋಡಿದೆ. ಮಾವ ಹುಡುಗರ ಕಡೆ ನೋಡಿದ, ಹುಡುಗರು ನೆಲ ನೋಡಿದರು, ಪ್ರಿನ್ಸಿಪಾಲರು ಇಂಗು ತಿಂದ ಮಂಗನಂತೆ ನಿಂತರು. ಮೇಡಂ, "ಟೀ ಆದ್ಮೇಲೆ ಎಲ್ಲರದೂ ಇನ್ನೊಮ್ಮೆ ನೋಡ್ತೀನಿ," ಎಂದು ಹೊರನಡೆದರು. ಆ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅದೇ ಭಯ ಹುಟ್ಟಿಸಿತು.

ನಾನು ಟೀ ಹಂಚಿ ಲ್ಯಾಬಿಗೆ ಬಂದರೆ ಕುರ್ಚಿ ಖಾಲಿ. ಮೆಟ್ಟಿಲ ಕಡೆಯಿಂದ ದಡದಡ ಸದ್ದು. ಹೋಗಿ ನೋಡಿದರೆ ನಮ್ಮ ಮಾವ! ಊರವರು ಅಟ್ಟಿಸಿಕೊಂಡು ಬಂದ ಕಳ್ಳನಂತೆ ಒಂದೇ ಉಸಿರಿಗೆ ಮೇಲೆ ಓಡುತ್ತಿದ್ದಾನೆ, ಮಹಡಿ ಮುಟ್ಟಿ ಮತ್ತೆ ಇಳಿಯುತ್ತಿದ್ದಾನೆ.

"ಮಾವಾ! ತಲೆ ಕೆಟ್ಟಿದೆಯಾ?"

"ಸುಮ್ನಿರೇ, ಏರಿಸ್ತಾ ಇದೀನಿ," ಎಂದ, ಏದುಸಿರಿನ ಮಧ್ಯೆ. "ಟೀ ಮುಗಿಯೋದ್ರೊಳಗೆ ನೂರರವತ್ತಕ್ಕೆ ತಂದುಬಿಡ್ತೀನಿ. ಮಕ್ಕಳು ಹೇಳಿದ್ದು ನಿಜ ಆಗಿಬಿಡುತ್ತೆ."

ನನಗೆ ನಗಬೇಕೋ ಕೆನ್ನೆಗೆ ಬಾರಿಸಬೇಕೋ ತಿಳಿಯಲಿಲ್ಲ. ತೋಳು ಹಿಡಿದು ನಿಲ್ಲಿಸಿದೆ. ಅವನು ಕೊಸರಿಕೊಂಡ. "ಓಡೋದು ಬೇಡ ಅಂದ್ರೆ ನಿನ್ನ ಅತ್ತೆಗೆ ಫೋನ್ ಮಾಡು. ಅವಳು ಎರಡು ಮಾತು ಉಗಿದ್ರೆ ಸಾಕು, ತಾನಾಗೇ ಏರುತ್ತೆ." ಅವನನ್ನು ಒಂದು ಕಡೆ ನಿಲ್ಲಿಸಿದರೆ ಸಾಕೆಂದು ಮಾಡಿದೆ. ಅತ್ತೆ ಫೋನೆತ್ತಿದಳು. ಮಾವ ನನ್ನ ಕೈಯಿಂದ ಕಿತ್ತುಕೊಂಡು, "ಏಯ್, ನನ್ನ ಬೈಯೇ ಸ್ವಲ್ಪ!" ಎಂದ.

ಆ ಕಡೆಯಿಂದ ಅತ್ತೆಯ ದನಿ ನನಗೂ ಕೇಳಿಸಿತು. "ಏನಾಯ್ತ್ರೀ? ಯಾಕೆ ಹೀಗೆ ಉಸಿರು ಬಿಡ್ತಿದೀರಾ? ಹುಷಾರಾಗಿದೀರಾ? ಅಲ್ಲೇ ಕೂತ್ಕೊಳ್ಳಿ, ನಾನು ಬರ್ತೀನಿ. ಯಾರಾದ್ರೂ ಹತ್ರ ಇದಾರಾ ನಿಮ್ಮ ಜೊತೆ?"

ಸಂಸಾರ ಶುರುವಾದಂದಿನಿಂದ ಬೈದವಳು, ಬೇಕು ಅಂದ ದಿನ ಬೈಯಲಿಲ್ಲ. ಮಾವ ಫೋನನ್ನು ನನಗೆ ಕೊಟ್ಟು, "ಛೆ, ಇವಳೂ ಕೈಕೊಟ್ಲು," ಎಂದು ಮತ್ತೆ ಮೆಟ್ಟಿಲು ಹತ್ತಿದ. ನಾನು ಹಿಂದೆಯೇ ಓಡಿದೆ. ಈ ಸಲ ಮೂರನೇ ಮಹಡಿಗೆ ಇನ್ನೇನು ಮುಟ್ಟಬೇಕು, ಕಂಬಿ ಹಿಡಿದುಕೊಂಡು ಹಾಗೇ ಕುಸಿದು ಕೂತ. ಮುಖವೆಲ್ಲ ಬೆವರು, ತುಟಿ ಬಣ್ಣಗೆಟ್ಟಿತ್ತು. "ಮಾವಾ, ಮಾವಾ" ಎಂದು ಅರಚಿಕೊಂಡೆನೇ ಹೊರತು ಏನು ಮಾಡಬೇಕೆಂದು ಹೊಳೆಯಲಿಲ್ಲ.

ಬೀಗ ಹಾಕಿದ ಕೋಣೆಯ ಮುಂದೆ ಕೂತಿದ್ದ ಇನ್ನೊಂದ್ಸಲ ಎದ್ದು ಬಂದಳು. ಓಡಿ ಬರಲಿಲ್ಲ, ಬಂದಳು ಅಷ್ಟೇ. ಮಾವನ ಬೆನ್ನನ್ನು ಗೋಡೆಗೆ ಒರಗಿಸಿದಳು, ಕಾಲರಿನ ಗುಂಡಿ ಬಿಚ್ಚಿದಳು. "ಎದೆ ನೋವಿದ್ಯಾ ಸಾರ್? ಕೈ ಜೋಮು ಹಿಡಿದಿದ್ಯಾ? ನನ್ನ ಮುಖ ಸರಿಯಾಗಿ ಕಾಣ್ತಿದ್ಯಾ?" ಮಾವ ಇಲ್ಲ, ಇಲ್ಲ, ಕಾಣ್ತಿದೆ ಎಂದು ತಲೆಯಾಡಿಸಿದ. "ಅಕ್ಕಾ, ಕೆಳಗಿರೋ ಮೇಡಂನ ಕರೀರಿ," ಎಂದು ನನಗೆ ಹೇಳಿ, ನಾಡಿ ಹಿಡಿದಳು. ನಾನು ತಿರುಗಿದರೆ ಮೇಡಂ ಆಗಲೇ ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದರು. ನನ್ನ ಕಿರುಚಾಟ ಪ್ರಿನ್ಸಿಪಾಲರ ಕೋಣೆಗೂ ಮುಟ್ಟಿತ್ತು. ಮೇಡಂ ನನಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿದರು.

ಹುಡುಗಿ ಇಲ್ಲ ಅನ್ನಬೇಕಿದ್ದ ಬೀಗದ ಕೈಯನ್ನು ಕೋಟಿನ ಜೇಬಿನಿಂದ ತೆಗೆದು, ಕೋಣೆ ತೆರೆದು, ಬಚ್ಚಿಟ್ಟಿದ್ದ ಹರಿದ ಪಟ್ಟಿಗಳಲ್ಲಿ ಒಂದನ್ನೂ ಒಂದು ಹಳೇ ಸ್ಟೆತಸ್ಕೋಪನ್ನೂ ತಂದಳು. ಹರಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಮಾವನ ತೋಳಿಗೆ ಸುತ್ತಿದಳು. ಮಾವನಿಗೆ ಅಷ್ಟರಲ್ಲಿ ಸ್ವಲ್ಪ ಜೀವ ಬಂದಿತ್ತು. ಮೇಡಂನ ನೋಡಿದವನೇ ಬಾಯಿ ತೆರೆದ. "ನೂರರವತ್ತು ಬೈ..."

"ಬಾಯ್ ಮುಚ್ಚಿ ಸಾರ್. ಕೇಳಿಸ್ತಿಲ್ಲ."

ನೋಡಿದಳು. ಒಂದು ಸಂಖ್ಯೆ ಹೇಳಿದಳು, ನೂರೆಪ್ಪತ್ತರ ಮೇಲೆ. "ಇದು ಓಡಿದ್ದಕ್ಕೆ. ಇದನ್ನ ನಂಬೋಕಾಗಲ್ಲ. ಹೀಗೇ ಕೂತಿರಿ, ಇನ್ನೊಂದ್ಸಲ ನೋಡ್ತೀನಿ," ಎಂದಳು. ಎಲ್ಲರೂ ಕಾದೆವು. ಪ್ರಿನ್ಸಿಪಾಲರು ಬಂದು ಮಾತಾಡಲು ಹೊರಟರೆ ಅವರಿಗೂ "ಷ್" ಎಂದಳು. ಎರಡನೇ ಸಲ ಇಳಿದಿತ್ತು, ಮೂರನೇ ಸಲ ಇನ್ನೂ ಇಳಿದಿತ್ತು. ಮೇಡಂ ತಾವೂ ನೋಡಿ, ಹೌದು ಎಂದು ತಲೆಯಾಡಿಸಿದರು.

"ಯಾರಮ್ಮಾ ನಿನಗೆ ಕಲಿಸಿದ್ದು?" ಎಂದು ಕೇಳಿದರು.

ಅವಳು ಪ್ರಿನ್ಸಿಪಾಲರನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಮಾವನ ಕಡೆ ಕೈ ತೋರಿಸಿದಳು. "ಇವರೇ ಮೇಡಂ. ನಾನು ಎಷ್ಟು ಸಲ ಕೇಳಿದ್ರೂ ಇವರು ಕೈ ಹಿಂದಕ್ಕೆ ತಗೊಂಡಿಲ್ಲ."

ಸಂಜೆ ಪ್ರಿನ್ಸಿಪಾಲರ ಕೋಣೆಯಲ್ಲಿ ತೀರ್ಪು ಹೇಳುವಾಗ ನಾನು ಲೋಟ ಎತ್ತಿಡುವ ನೆಪದಲ್ಲಿ ಅಲ್ಲೇ ಇದ್ದೆ. ಮೇಡಂ ಬಿಡಿಸಿ ಬಿಡಿಸಿ ಹೇಳಿದರು. ಇಲ್ಲಿ ಪಾಠ ಇದೆ, ಕಲಿಸುವವರಿಲ್ಲ. ಯಂತ್ರ ಇದೆ, ಬೀಗದ ಒಳಗಿದೆ. ಇಂಥವರನ್ನು ಆಸ್ಪತ್ರೆಗೆ ಕಳಿಸಿದರೆ ಒಬ್ಬರ ಬಿ.ಪಿ. ಇನ್ನೊಬ್ಬರಿಗೆ ಬರೆದು ಜೀವ ತೆಗೆದಾರು. "ಮುಚ್ಚಿ ಅಂತಲೇ ಬರೆಯೋಳಿದ್ದೆ. ಒಬ್ಬಳಿಗಾದ್ರೂ ಕಲಿಯೋಕೆ ಆಗಿದೆ ಅಂದ್ರೆ ಉಳಿದವರಿಗೂ ಆಗುತ್ತೆ. ಒಂದು ವರ್ಷ ಕೊಡ್ತೀವಿ. ಲ್ಯಾಬಿಗೆ ಟೀಚರ್ ಬೇಕು. ಯಂತ್ರ ರಿಪೇರಿ ಆಗ್ಬೇಕು. ಆಮೇಲೆ ಆ ಯಜಮಾನ್ರು ಆ ಕುರ್ಚಿಯಲ್ಲಿ ಕೂರೋ ಹಾಗಿಲ್ಲ. ದಿನಾ ಹೊಸಬರು ಬರ್ಬೇಕು, ಗೊತ್ತಿಲ್ಲದ ಕೈ ಬರ್ಬೇಕು." ಸಾಹೇಬರು ಬಾಯಲ್ಲಿ ಬಿಸ್ಕತ್ತಿದ್ದುದರಿಂದ ತಲೆಯಾಡಿಸಿದರು.

ಮಾವ ಹೊರಗೆ ನನ್ನ ಕುರ್ಚಿಯಲ್ಲಿ ಕೂತಿದ್ದ. ಅತ್ತೆ ಬಂದು ಅವನ ಪಕ್ಕದಲ್ಲಿ ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

"ಕೋರ್ಸು ಉಳೀತಾ?" ಎಂದ.

"ಉಳೀತು ಮಾವ."

"ಮತ್ಯಾಕೆ ಹಿಂಗೆ ಸತ್ತವರ ಮನೆ ಮುಖ ಮಾಡ್ಕೊಂಡಿದೀಯಾ?"

ಹೇಳಿದೆ. ಸುತ್ತಿ ಬಳಸಿ ಹೇಳಿದರೂ ಹೇಳುವುದು ಅದೇ ತಾನೆ. ಮಾವ ಸ್ವಲ್ಪ ಹೊತ್ತು ತನ್ನ ಎಡಗೈಯನ್ನೇ ನೋಡಿಕೊಂಡ. "ಅಂದ್ರೆ ನನ್ನ ಸ್ಟಾಪು ಬಂತು," ಎಂದ. ಎದ್ದು ಲ್ಯಾಬಿಗೆ ಹೋಗಿ ದಿಂಬು ತಂದ. "ಇದು ನಮ್ಮ ಮನೇದು," ಎಂದು ಕಂಕುಳಲ್ಲಿಟ್ಟುಕೊಂಡು ಗೇಟಿನ ಕಡೆ ನಡೆದ. ಅತ್ತೆ ಹಿಂದೆಯೇ ಹೋದಳು. ನನಗೆ ಅಳು ಬಂತು. ಬೈಗುಳವೂ ಬಂತು, ಯಾರನ್ನು ಬೈಯಬೇಕೆಂದು ಮಾತ್ರ ತಿಳಿಯಲಿಲ್ಲ.

ಹೊಸ ಟೀಚರು ಬಂದರು. ಪ್ರಿನ್ಸಿಪಾಲರು ಗೇಟಿಗೆ 'ಉಚಿತ ಬಿ.ಪಿ. ತಪಾಸಣೆ' ಎಂದು ಬ್ಯಾನರು ಕಟ್ಟಿಸಿದರು. ಕುರ್ಚಿ ಇಟ್ಟು, ಪಟ್ಟಿ ಇಟ್ಟು, ಬಿಳಿ ಕೋಟು ಹಾಕಿಕೊಂಡು ಎಲ್ಲರೂ ಕಾದರು. ನಾಯಿಯೂ ಬರಲಿಲ್ಲ. ಉಚಿತ ಅಂದರೆ ಜನಕ್ಕೆ ಅನುಮಾನ, ಕಾಲೇಜಿನವರು ಕಲಿಯುವುದಕ್ಕೆ ಅಂದರೆ ಭಯ. ವಾಚ್‌ಮನ್ ಒಬ್ಬನೇ ಬಂದು ಬಂದು ಕೂತು, ಕೊನೆಗೆ ಅವನದೂ ಎಲ್ಲರಿಗೂ ಬಾಯಿಪಾಠವಾಗುವ ಲಕ್ಷಣ ಕಾಣಿಸಿತು. ಟೀಚರು ತಲೆ ಮೇಲೆ ಕೈ ಹೊತ್ತರು. ನಾನು ಆ ರಾತ್ರಿ ಅತ್ತೆಯ ಮನೆಗೆ ಊಟಕ್ಕೆ ಹೋದಾಗ ಸುಮ್ಮನೆ ಮಾತಿಗೆ ಇದನ್ನು ಹೇಳಿದೆ. ಮಾವ ಮೊಸರನ್ನ ಕಲಸುತ್ತಾ ಕೇಳಿಸಿಕೊಂಡ.

ಮರುದಿನ ಬೆಳಿಗ್ಗೆ ಗೇಟಿನ ಕಡೆಯಿಂದ ಸೀಟಿ ಕೇಳಿಸಿತು. ಆ ಸೀಟಿ ನನಗೆ ಚಿಕ್ಕಂದಿನಿಂದ ಗೊತ್ತು. ಕಿಟಕಿಯಿಂದ ಇಣುಕಿದೆ. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಕಂಕುಳಲ್ಲಿ ದಿಂಬು. ಬಸ್ ನಿಲ್ದಾಣದ ಕಡೆ ಹೊರಟಿದ್ದವರ ದಾರಿಗೆ ಅಡ್ಡ ನಿಂತು ಕೂಗುತ್ತಿದ್ದಾನೆ.

"ಬನ್ನಿ ಬನ್ನಿ ಬನ್ನಿ, ಬಿ.ಪಿ. ಬಿ.ಪಿ. ಬಿ.ಪಿ! ಟಿಕೆಟ್ ಇಲ್ಲ, ಚಿಲ್ಲರೆ ಜಗಳ ಇಲ್ಲ! ಅಮ್ಮಾ, ನೀವು ಬನ್ನಿ, ಸೀಟ್ ಖಾಲಿ ಇದೆ. ಏನ್ ಯಜಮಾನ್ರೇ, ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ಟುತ್ತಾ? ಹಾಗಾದ್ರೆ ನೀವೇ ಮೊದಲು. ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಬೇಕಾದಷ್ಟು ಜಾಗ ಇದೆ. ರೈಟ್!"

ತರಕಾರಿ ಚೀಲದವರು, ಆಫೀಸಿಗೆ ಹೊರಟವರು, ಮೊಮ್ಮಗುವನ್ನು ಶಾಲೆಗೆ ಬಿಟ್ಟು ಬಂದ ಅಜ್ಜಂದಿರು, ಒಬ್ಬರನ್ನೂ ಬಿಡಲಿಲ್ಲ. ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಲ್ಯಾಬಿಗೆ ಹತ್ತಿಸಿದ. ಪ್ರತಿಯೊಬ್ಬರ ಮೊಣಕೈ ಕೆಳಗೂ ತಾನೇ ದಿಂಬು ಇಟ್ಟ. ಹುಡುಗರ ಕಿವಿಯ ಹತ್ತಿರ ಮಾತ್ರ ಹೋಗಲಿಲ್ಲ. ಅವರು ಬೆವರುತ್ತಿದ್ದರು, ತಪ್ಪು ಹೇಳುತ್ತಿದ್ದರು, ಟೀಚರು ಗದರುತ್ತಿದ್ದರು. ಅದನ್ನು ನೋಡಿ ಮಾವನಿಗೆ ಸಂಕಟವಾಗುತ್ತಿತ್ತು. ತುಟಿ ಕಚ್ಚಿಕೊಂಡು ಹೊರಗೆ ಹೋಗಿ ಇನ್ನೊಬ್ಬರನ್ನು ಕರೆತರುತ್ತಿದ್ದ.

ಸಂಜೆ ಹೊತ್ತಿಗೆ ಸಾಲು ಮುಗಿಯಿತು. ಟೀಚರು ಸುಸ್ತಾಗಿ ನೀರು ಕುಡಿಯುತ್ತಿದ್ದರು. ಮಾವ ದಿಂಬು ಎತ್ತಿಕೊಳ್ಳಲು ಕುರ್ಚಿಯ ಹತ್ತಿರ ಬಂದ. ಇನ್ನೊಂದ್ಸಲ ಪಟ್ಟಿ ಮಡಿಸುತ್ತಿದ್ದವಳು ಅದನ್ನು ಮತ್ತೆ ಬಿಚ್ಚಿದಳು.

"ಕೂತ್ಕೊಳ್ಳಿ ಸಾರ್."

"ನಾನು ಕೂರೋ ಹಾಗಿಲ್ಲಮ್ಮಾ. ರೂಲ್ಸು."

"ದಿನಾ ಕೂರೋ ಹಾಗಿಲ್ಲ. ಬೀದೀಲಿ ಹೋಗೋರು ಯಾರು ಬೇಕಾದ್ರೂ ಒಂದು ಸಲ ಕೂರಬಹುದು. ನೀವೂ ಬೀದಿಯಿಂದ್ಲೇ ಬಂದ್ರಲ್ಲ."

ಮಾವ ಟೀಚರ ಕಡೆ ನೋಡಿದ. ಅವರು ಹೂಂ ಎಂದರು. ಮಾವ ಕೂತ. ಅವಳು ಪಟ್ಟಿ ಸುತ್ತಿ, ಗಾಳಿ ತುಂಬಿ, ಕಿವಿಗೆ ಸ್ಟೆತಸ್ಕೋಪು ಇಟ್ಟುಕೊಂಡಳು. ಮಾವನ ಬಾಯಿ ತಾನಾಗಿ ತೆರೆಯಿತು. ಹಾಗೇ ಮುಚ್ಚಿಕೊಂಡ. ಹೇಳಲು ಅವನಿಗೂ ಗೊತ್ತಿರಲಿಲ್ಲ. ಗಾಳಿ ಸುಯ್ಯೆಂದು ಇಳಿಯಿತು. ಇಷ್ಟು ವರ್ಷದಲ್ಲಿ ಅವನು ಅಷ್ಟು ಹೊತ್ತು ಸುಮ್ಮನಿದ್ದುದನ್ನು ನಾನು ಕಂಡಿರಲಿಲ್ಲ.

"ಎಷ್ಟಿದೆ ಮಗಳೇ?" ಎಂದು ಕೇಳಿದ.

"ಇನ್ನೊಂದ್ಸಲ ನೋಡ್ತೀನಿ ಸಾರ್," ಎಂದಳು.

ಮಾವ ದಿಂಬು ಸರಿಮಾಡಿಕೊಂಡು ಕೈ ಮುಂದೆ ಚಾಚಿದ.